ಹಬ್ರೆ ಮೊಕದ್ದಮೆ: ಹೊರಗಿನ ನೆರವಿನ ಬಲ ಮತ್ತು ಎಲ್ಲೆ

ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೇನ್ ಹಬ್ರೆಗೆ 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. ಶಿಕ್ಷೆ ವಿಧಿಸಿದ್ದು ಚಾಡ್‌ನ ನ್ಯಾಯಾಲಯವಲ್ಲ, ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವೂ ಅಲ್ಲ. ಸೆನೆಗಲ್‌ನ ರಾಜಧಾನಿ ಡಾಕಾರ್‌ನಲ್ಲಿ, ಆ ದೇಶದ ನ್ಯಾಯವ್ಯವಸ್ಥೆಯ ಒಳಗೇ, ಆಫ್ರಿಕನ್ ಒಕ್ಕೂಟದ ಜೊತೆಗಿನ ಒಪ್ಪಂದದಿಂದ ಹುಟ್ಟಿದ ವಿಶೇಷ ಪೀಠವೊಂದು ಈ ತೀರ್ಪು ಕೊಟ್ಟಿತು. ಒಂದು ದೇಶದ ಮಾಜಿ ದೊರೆಯನ್ನು ಇನ್ನೊಂದು ದೇಶದ ನ್ಯಾಯಾಲಯ ಮಾನವ ಹಕ್ಕುಗಳ ವಿರುದ್ಧದ ಅಪರಾಧಕ್ಕಾಗಿ ವಿಚಾರಿಸಿ ಶಿಕ್ಷಿಸಿದ್ದು ಅದೇ ಮೊದಲು. ನಿರಂಕುಶ ಆಡಳಿತ ಕಳೆದ ಮೇಲೆ ನ್ಯಾಯಕ್ಕೂ ರಾಜಕೀಯ ಬದಲಾವಣೆಗೂ ಹೊರಜಗತ್ತು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನೋಡಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ. ಹೊರಜಗತ್ತು ಇಲ್ಲಿ ಮೂರು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ: ಮೊದಲು ಸರ್ವಾಧಿಕಾರಿಯನ್ನು ಸಾಕಿತು, ಆಮೇಲೆ ಆಶ್ರಯ ಕೊಟ್ಟಿತು, ಕೊನೆಗೆ ಕಟಕಟೆಗೆ ತಂದಿತು.

ಸಾಕಿದ ಕಥೆಯಿಂದಲೇ ಆರಂಭಿಸಬೇಕು. ಚಾಡ್ 1960ರಲ್ಲಿ ಫ್ರಾನ್ಸ್‌ನಿಂದ ಸ್ವತಂತ್ರವಾದ, ಸಮುದ್ರವಿಲ್ಲದ, ಉತ್ತರದಲ್ಲಿ ಮರುಭೂಮಿಯೂ ದಕ್ಷಿಣದಲ್ಲಿ ಹತ್ತಿ ಬೆಳೆಯುವ ಹೊಲಗಳೂ ಇರುವ ಬಡ ದೇಶ. ಫ್ರಾನ್ಸ್‌ನಲ್ಲಿ ಓದಿ ಬಂದ ಹಬ್ರೆ ಬಂಡುಕೋರ ನಾಯಕನಾಗಿ ಹೆಸರಾದದ್ದು 1974ರಲ್ಲಿ, ಫ್ರೆಂಚ್ ಪುರಾತತ್ವ ತಜ್ಞೆ ಫ್ರಾಂಸ್ವಾಸ್ ಕ್ಲೋಸ್ಟ್ರ್ ಅವರನ್ನು ಒತ್ತೆಯಾಳಾಗಿ ಹಿಡಿದಾಗ. ಆಕೆಯ ಬಿಡುಗಡೆಗೆ ಮಾತುಕತೆ ನಡೆಸಲು ಹೋದ ಫ್ರೆಂಚ್ ಸೇನಾಧಿಕಾರಿಯನ್ನು ಬಂಡುಕೋರರು ಕೊಂದರು. ಎಂಟು ವರ್ಷ ಕಳೆಯುವಷ್ಟರಲ್ಲಿ ಇದೆಲ್ಲ ಮರೆತುಹೋಯಿತು. ಲಿಬಿಯಾದ ಗದ್ದಾಫಿ ಚಾಡ್‌ನ ಉತ್ತರ ಭಾಗದ ಮೇಲೆ ಕಣ್ಣು ಹಾಕಿದ್ದ. ಅವನನ್ನು ತಡೆಯಬಲ್ಲ ಗಟ್ಟಿ ಮನುಷ್ಯ ಬೇಕಾಗಿತ್ತು. 1982ರ ಜೂನ್‌ನಲ್ಲಿ ಹಬ್ರೆ ರಾಜಧಾನಿ ಎನ್‌ಜಮೇನಾವನ್ನು ವಶಪಡಿಸಿಕೊಳ್ಳುವ ಮೊದಲೇ ಅಮೆರಿಕದ ರೇಗನ್ ಸರ್ಕಾರ ಗುಪ್ತವಾಗಿ ಅವನ ಬೆನ್ನಿಗೆ ನಿಂತಿತ್ತು. ಫ್ರಾನ್ಸ್ 1983ರಲ್ಲಿ ಒಮ್ಮೆ, 1986ರಲ್ಲಿ ಇನ್ನೊಮ್ಮೆ ಸೇನೆ ಕಳಿಸಿತು. 1987ರಲ್ಲಿ ಚಾಡ್ ಪಡೆಗಳು ಲಿಬಿಯಾ ಸೇನೆಯನ್ನು ಸೋಲಿಸಿದವು. ಅದೇ ವರ್ಷ ಜೂನ್‌ನಲ್ಲಿ ಹಬ್ರೆಗೆ ಶ್ವೇತಭವನದಲ್ಲಿ ಸ್ವಾಗತ ದೊರೆಯಿತು.

ಆ ಹೊತ್ತಿಗೆ ಎನ್‌ಜಮೇನಾದಲ್ಲಿ ‘ದಾಖಲಾತಿ ಮತ್ತು ಭದ್ರತಾ ನಿರ್ದೇಶನಾಲಯ’ ಎಂಬ ಸಪ್ಪೆ ಹೆಸರಿನ ರಾಜಕೀಯ ಪೊಲೀಸ್ ಪಡೆ ಕೆಲಸ ಮಾಡುತ್ತಿತ್ತು. ಫ್ರೆಂಚ್ ಅಕ್ಷರಗಳಲ್ಲಿ ಡಿಡಿಎಸ್. 1983ರ ಜನವರಿಯಲ್ಲಿ ಸ್ಥಾಪನೆಯಾದ ಈ ಪಡೆ ಅಧ್ಯಕ್ಷನಿಗೇ ನೇರವಾಗಿ ಉತ್ತರದಾಯಿ. ವಸಾಹತು ಕಾಲದ ಈಜುಕೊಳವೊಂದಕ್ಕೆ ಕಾಂಕ್ರೀಟ್ ಮುಚ್ಚಿಗೆ ಹಾಕಿಸಿ, ಒಳಗೆ ಗೋಡೆ ಎಬ್ಬಿಸಿ ಮಾಡಿದ ನೆಲದಡಿಯ ಸೆರೆಮನೆಯನ್ನು ಜನ ‘ಪಿಸಿನ್’, ಅಂದರೆ ಈಜುಕೊಳ ಎಂದೇ ಕರೆಯುತ್ತಿದ್ದರು. ಸೆಕೆಯಿಂದ, ಹಸಿವಿನಿಂದ, ಕಾಯಿಲೆಯಿಂದ ಅಲ್ಲಿ ಸತ್ತವರ ಹೆಣಗಳನ್ನು ಕೈದಿಗಳ ನಡುವೆಯೇ ಬಿಡುತ್ತಿದ್ದುದು ಬದುಕುಳಿದವರ ಸಾಕ್ಷ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. 1984ರಲ್ಲಿ ದಕ್ಷಿಣದ ಜನರ ಮೇಲೆ, 1987ರಲ್ಲಿ ಹಜೆರಾಯ್ ಜನಾಂಗದ ಮೇಲೆ, 1989ರಲ್ಲಿ ಜಘಾವಾ ಜನಾಂಗದ ಮೇಲೆ ಸರದಿಯಂತೆ ದಾಳಿ ನಡೆಯಿತು. ಒಬ್ಬ ನಾಯಕ ಸಿಡಿದೆದ್ದರೆ ಅವನ ಇಡೀ ಜನಾಂಗವೇ ಶತ್ರುವಾಗುತ್ತಿತ್ತು.

1990ರ ಡಿಸೆಂಬರ್ 1ರಂದು, ಹಿಂದೆ ಹಬ್ರೆಯ ಸೇನಾ ಮುಖ್ಯಸ್ಥನೇ ಆಗಿದ್ದ ಇದ್ರಿಸ್ ದೆಬಿ ಅಧಿಕಾರ ಹಿಡಿದ. ಹಬ್ರೆ ಖಜಾನೆ ಬರಿದು ಮಾಡಿ ಕ್ಯಾಮರೂನ್ ಮಾರ್ಗವಾಗಿ ಸೆನೆಗಲ್ ಸೇರಿದ. ಹೊಸ ಸರ್ಕಾರ ಮಹಮತ್ ಹಸನ್ ಅಬಕರ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ನೇಮಿಸಿತು. ಆಯೋಗಕ್ಕೆ ಹಣವಿಲ್ಲ, ವಾಹನವಿಲ್ಲ. ಕಚೇರಿಗೆ ಸಿಕ್ಕಿದ್ದು ಡಿಡಿಎಸ್‌ನ ಹಳೆಯ ಮುಖ್ಯ ಕಚೇರಿ. ಚಿತ್ರಹಿಂಸೆ ಅನುಭವಿಸಿದ ಕಟ್ಟಡಕ್ಕೇ ಬಂದು ಸಾಕ್ಷಿ ಹೇಳಿ ಎಂದರೆ ಯಾರು ಬಂದಾರು? ಆದರೂ ಆಯೋಗ ಸಾಮೂಹಿಕ ಗೋರಿಗಳನ್ನು ಅಗೆಸಿತು, ಹೇಳಿಕೆಗಳನ್ನು ಬರೆದುಕೊಂಡಿತು, 1992ರಲ್ಲಿ ವರದಿ ಕೊಟ್ಟಿತು. ಹಬ್ರೆಯ ಆಡಳಿತದಲ್ಲಿ ಸತ್ತವರು 40,000 ಎಂಬ, ಇಂದಿಗೂ ಎಲ್ಲರೂ ಹೇಳುವ ಸಂಖ್ಯೆ ಈ ವರದಿಯದು. ಅದು ಎಣಿಸಿದ ಲೆಕ್ಕವಲ್ಲ, ಪತ್ತೆಯಾದ ಹೆಸರುಗಳಿಂದ ಕಟ್ಟಿದ ಅಂದಾಜು. ಡಿಡಿಎಸ್‌ಗೆ ಹಣ ಮತ್ತು ತರಬೇತಿ ಕೊಟ್ಟ ದೇಶಗಳಲ್ಲಿ ಅಮೆರಿಕವನ್ನು ವರದಿ ಹೆಸರಿಸಿಯೇ ಹೇಳಿತು. ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಬೇಕೆಂದೂ ಹೇಳಿತು. ದೆಬಿ ಸರ್ಕಾರ ವರದಿಯನ್ನು ಮೂಲೆಗೆ ಸೇರಿಸಿತು. ಡಿಡಿಎಸ್‌ನ ಹಲವರು ಹೊಸ ಭದ್ರತಾ ಪಡೆಯಲ್ಲಿ ಮೇಲಧಿಕಾರಿಗಳಾಗಿ ಕುಳಿತರು.

ಇಲ್ಲಿಂದ ಮುಂದಿನ ಕೆಲಸ ಸಂತ್ರಸ್ತರದು. ಸುಲೇಮಾನ್ ಗೆಂಗೆಂಗ್ ಒಬ್ಬ ಲೆಕ್ಕಿಗ. ಸುಳ್ಳು ಆರೋಪದ ಮೇಲೆ ಎರಡು ವರ್ಷಕ್ಕೂ ಮಿಕ್ಕು ಸೆರೆಯಲ್ಲಿದ್ದು ಬದುಕಿ ಬಂದವರು. ಅವರೂ ಸಂಗಡಿಗರೂ ಸಂಘ ಕಟ್ಟಿ 792 ಮಂದಿಯ ಹೇಳಿಕೆಗಳನ್ನು ಸಂಗ್ರಹಿಸಿದರು. ದೆಬಿಯ ಸರ್ಕಾರ ಬಿಗಿಯಾದಾಗ ಆ ಕಡತಗಳನ್ನು ಗೆಂಗೆಂಗ್ ತಮ್ಮ ಮನೆಯಲ್ಲೇ ಬಚ್ಚಿಟ್ಟರು. ಕೇಳುವ ನ್ಯಾಯಾಲಯ ಎಲ್ಲಿಯೂ ಇಲ್ಲದ ಕಾಲದಲ್ಲಿ ಸಿದ್ಧವಾದ ಸಾಕ್ಷ್ಯ ಅದು. ಮುಂದೆ ನಡೆದ ಎಲ್ಲಕ್ಕೂ ಅಡಿಪಾಯವಾದದ್ದು ಅದೇ. ಹೊರಗಿನ ಸಂಸ್ಥೆಗಳ ವರದಿಗಳಲ್ಲಿ ಈ ಕ್ರಮ ಕೆಲವೊಮ್ಮೆ ತಲೆಕೆಳಗಾಗಿ, ಹೊರಗಿನವರು ಬಂದ ಮೇಲೆ ಸಂತ್ರಸ್ತರು ಎದ್ದರೆಂಬಂತೆ ಕಾಣುತ್ತದೆ.

ಬಾಗಿಲು ತೆರೆದದ್ದು ಲಂಡನ್‌ನಲ್ಲಿ. ಸ್ಪೇನ್‌ನ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಹೊರಡಿಸಿದ ವಾರಂಟ್ ಮೇಲೆ 1998ರ ಅಕ್ಟೋಬರ್ 16ರಂದು ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆಯ ಬಂಧನವಾಯಿತು. ಅನಾರೋಗ್ಯದ ಕಾರಣ ಕೊಟ್ಟು 2000ದ ಮಾರ್ಚ್‌ನಲ್ಲಿ ಅವನನ್ನು ಬಿಟ್ಟುಬಿಟ್ಟರೂ, ಚಿತ್ರಹಿಂಸೆಯ ಆರೋಪಕ್ಕೆ ಮಾಜಿ ದೊರೆಯೆಂಬ ರಕ್ಷಣೆ ಇಲ್ಲವೆಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಹೇಳಿಬಿಟ್ಟಿತ್ತು. ಇದರ ಹಿಂದಿದ್ದುದು 1984ರ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ. ಅದರ ತಿರುಳು ಸರಳ: ಚಿತ್ರಹಿಂಸೆಯ ಆರೋಪಿ ನಿಮ್ಮ ನೆಲದಲ್ಲಿದ್ದರೆ ಒಂದೋ ವಿಚಾರಿಸಿ, ಇಲ್ಲವೇ ವಿಚಾರಿಸುವವರಿಗೆ ಒಪ್ಪಿಸಿ. ಸೆನೆಗಲ್ ಇದಕ್ಕೆ 1986ರಲ್ಲೇ ಅನುಮೋದನೆ ಕೊಟ್ಟಿತ್ತು. (ಭಾರತ 1997ರಲ್ಲಿ ಸಹಿ ಹಾಕಿ ಅಲ್ಲಿಗೇ ನಿಂತಿದೆ, ಅನುಮೋದಿಸಿಲ್ಲ.) ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಹೋಗುವ ದಾರಿ ಇರಲಿಲ್ಲ, 2002ರ ಜುಲೈ 1ರ ನಂತರದ ಅಪರಾಧಗಳಷ್ಟೇ ಅದರ ವ್ಯಾಪ್ತಿಗೆ ಬರುತ್ತವೆ.

ಚಾಡ್‌ನ ವಕೀಲೆ ಜಾಕ್ಲೀನ್ ಮುದೇನಾ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ರೀಡ್ ಬ್ರೋಡಿ ಮತ್ತು ಸೆನೆಗಲ್‌ನ ಹಕ್ಕು ಸಂಘಟನೆಗಳ ನೆರವಿನಿಂದ ಸಂತ್ರಸ್ತರು 2000ದ ಜನವರಿಯಲ್ಲಿ ಡಾಕಾರ್‌ನಲ್ಲಿ ದೂರು ಸಲ್ಲಿಸಿದರು. ಕೆಲವೇ ದಿನಗಳಲ್ಲಿ, ಫೆಬ್ರವರಿ 3ರಂದು, ತನಿಖಾ ನ್ಯಾಯಾಧೀಶ ಡೆಂಬಾ ಕಾಂಜಿ ಹಬ್ರೆಯ ಮೇಲೆ ದೋಷಾರೋಪ ಹೊರಿಸಿದರು. ಅಷ್ಟರಲ್ಲಿ ಸೆನೆಗಲ್‌ನಲ್ಲಿ ಚುನಾವಣೆ ನಡೆದು ಅಬ್ದುಲಾಯೆ ವಾದ್ ಅಧ್ಯಕ್ಷನಾದ. ಕಾಂಜಿಯವರನ್ನು ಆ ಹುದ್ದೆಯಿಂದ ಎತ್ತಲಾಯಿತು. ಪರದೇಶದಲ್ಲಿ ನಡೆದ ಅಪರಾಧ ಸೆನೆಗಲ್‌ನ ನ್ಯಾಯಾಲಯಗಳ ವ್ಯಾಪ್ತಿಗೆ ಬರುವುದಿಲ್ಲವೆಂದು 2001ರ ಮಾರ್ಚ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಪ್ರಕರಣವನ್ನು ಮುಚ್ಚಿತು. ಚಾಡ್‌ನಲ್ಲೂ ದೂರುದಾರರ ಸ್ಥಿತಿ ಕೆಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಎನ್‌ಜಮೇನಾದ ಪ್ರತಿಭಟನೆಯೊಂದರಲ್ಲಿ ಪೊಲೀಸರು ಎಸೆದ ಗ್ರೆನೇಡ್‌ನಿಂದ ಮುದೇನಾ ಕಾಲಿಗೆ ತೀವ್ರ ಗಾಯವಾಯಿತು.

ಆದರೆ 2001ರ ಮೇ ತಿಂಗಳಲ್ಲಿ, ಪಾಳುಬಿದ್ದಿದ್ದ ಡಿಡಿಎಸ್ ಕಚೇರಿಯನ್ನು ನೋಡಲು ಹೋದ ಬ್ರೋಡಿ ತಂಡದ ಕಣ್ಣಿಗೆ ನೆಲದ ಮೇಲೆ ಚೆಲ್ಲಾಡಿದ ಕಾಗದಗಳು ಬಿದ್ದವು. ದಿನದಿನದ ಕೈದಿಗಳ ಪಟ್ಟಿ, ಸತ್ತವರ ಪಟ್ಟಿ, ವಿಚಾರಣೆಯ ವರದಿ, ಗೂಢಚಾರರ ಟಿಪ್ಪಣಿ, ಹೀಗೆ ಹತ್ತಾರು ಸಾವಿರ ಪುಟ. ಧೂಳು ಝಾಡಿಸಿ, ವಿಂಗಡಿಸಿ, ಪ್ರತಿ ತೆಗೆಯುವ ಕೆಲಸ ಸಂತ್ರಸ್ತರ ಸಂಘದ್ದು. ಅಂಕಿಅಂಶ ತಜ್ಞರು ಅವನ್ನು ಕಂಪ್ಯೂಟರಿಗೇರಿಸಿದಾಗ 12,321 ಸಂತ್ರಸ್ತರ ಹೆಸರುಗಳು ಕಂಡವು. ಅವರಲ್ಲಿ 1,208 ಮಂದಿ ಸೆರೆಯಲ್ಲೇ ಸತ್ತಿದ್ದರು. 898 ಕೈದಿಗಳ ಬಗ್ಗೆ ಡಿಡಿಎಸ್ ಅಧ್ಯಕ್ಷನಿಗೇ ನೇರವಾಗಿ ಬರೆದ 1,265 ಪತ್ರಗಳಿದ್ದವು. ಇಂಥ ಪ್ರಕರಣಗಳಲ್ಲಿ ಕಷ್ಟದ ಕೆಲಸ ಹಿಂಸೆ ನಡೆಯಿತೆಂದು ತೋರಿಸುವುದಲ್ಲ, ಮೇಲೆ ಕುಳಿತವನಿಗೆ ಅದು ಗೊತ್ತಿತ್ತೆಂದು ತೋರಿಸುವುದು. ಆ ಕೊಂಡಿ ಇಲ್ಲಿ ಸಿಕ್ಕಿತು. ಕಾಯಿಲೆಬಿದ್ದ ಯುದ್ಧಕೈದಿಗಳನ್ನು ಆಸ್ಪತ್ರೆಗೆ ಸೇರಿಸಬೇಕೆಂಬ ರೆಡ್‌ಕ್ರಾಸ್ ಕೋರಿಕೆಯ ಮೇಲೆ, ಇನ್ನು ಮುಂದೆ ಸತ್ತ ಹೊರತು ಯಾವ ಯುದ್ಧಕೈದಿಯೂ ಸೆರೆಮನೆಯಿಂದ ಹೊರಬೀಳಕೂಡದು ಎಂಬ ಅರ್ಥದ ಷರಾ ಇತ್ತು. ಅಕ್ಷರ ಹಬ್ರೆಯದೆಂದು ಕೈಬರಹ ತಜ್ಞರು ಆಮೇಲೆ ಹೇಳಿದರು.

ಅದೇ ಕಡತಗಳಲ್ಲಿ ರೋಸ್ ಲೊಕಿಸಿಮ್ ಎಂಬ ತರುಣಿಯ ಕೊನೆಯ ವಿಚಾರಣೆಯ ವರದಿಯೂ ಇತ್ತು. ಸೇನೆಯಲ್ಲಿದ್ದ ಆಕೆ ಸೆರೆಗೆ ಬಿದ್ದ ಮೇಲೆ ಒಳಗಿನ ಸಾವುನೋವುಗಳನ್ನು ಚೀಟಿಗಳಲ್ಲಿ ಬರೆದು ಕೈದಿಗಳ ಮನೆಯವರಿಗೆ ತಲುಪಿಸುತ್ತಿದ್ದಳು; 1986ರಲ್ಲಿ ಆಕೆಯನ್ನು ಕೊಂದರು. ಜೈಲಿನಲ್ಲಿ ಸತ್ತರೂ ತನಗೆ ಪಶ್ಚಾತ್ತಾಪವಿಲ್ಲ, ಚರಿತ್ರೆ ತನ್ನ ಬಗ್ಗೆ ಮಾತಾಡುತ್ತದೆ ಎಂಬರ್ಥದಲ್ಲಿ ಆಕೆ ಹೇಳಿದ್ದನ್ನು ವಿಚಾರಣೆಗಾರರೇ ಬರೆದಿಟ್ಟಿದ್ದರು. ಕೊಂದವರ ಕಚೇರಿಯ ಶಿಸ್ತಿನಿಂದಲೇ ಆ ಮಾತು ಉಳಿಯಿತು.

ಡಾಕಾರ್‌ನ ಬಾಗಿಲು ಮುಚ್ಚಿದಾಗ ಸಂತ್ರಸ್ತರು ಬೆಲ್ಜಿಯಂಗೆ ಹೋಗಿದ್ದರು. ಅಪರಾಧ ಎಲ್ಲೇ ನಡೆದಿರಲಿ ವಿಚಾರಿಸಬಹುದೆಂಬ 1993ರ ಕಾನೂನು ಅಲ್ಲಿತ್ತು. ನ್ಯಾಯಾಧೀಶ ಡೇನಿಯಲ್ ಫ್ರಾನ್ಸೆನ್ 2002ರಲ್ಲಿ ಚಾಡ್‌ಗೆ ಬಂದು ಸೆರೆಮನೆಗಳನ್ನೂ ಗೋರಿಗಳನ್ನೂ ನೋಡಿ ಸಾಕ್ಷ್ಯ ಪಡೆದರು. ಅದೇ ಕಾನೂನಿನಡಿ ಅಮೆರಿಕದ ನಾಯಕರ ಮೇಲೂ ದೂರು ಬೀಳತೊಡಗಿದಾಗ ವಾಷಿಂಗ್ಟನ್ ಒತ್ತಡ ಹಾಕಿತು. ಬೆಲ್ಜಿಯಂ 2003ರಲ್ಲಿ ಕಾನೂನಿನ ಹಲ್ಲು ಕಿತ್ತಿತು. ತನಿಖೆ ಆಗಲೇ ಶುರುವಾಗಿದ್ದರಿಂದ, ದೂರುದಾರರಲ್ಲಿ ಬೆಲ್ಜಿಯಂ ಪೌರರೂ ಇದ್ದುದರಿಂದ ಹಬ್ರೆ ಪ್ರಕರಣ ಮಾತ್ರ ಉಳಿಯಿತು. ದುರ್ಬಲ ದೇಶದ ಮಾಜಿ ದೊರೆಯ ಮೇಲೆ ನಡೆಯುವ ಕಾನೂನು ಬಲಾಢ್ಯರ ಹತ್ತಿರ ಬಂದೊಡನೆ ನಿಂತಿತು ಎಂಬ ಆಫ್ರಿಕನ್ನರ ದೂರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

2005ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ವಾರಂಟ್ ಹೊರಡಿಸಿ ಹಬ್ರೆಯನ್ನು ಒಪ್ಪಿಸಲು ಕೇಳಿತು. ವಾದ್ ಒಪ್ಪಿಸಲಿಲ್ಲ, ವಿಚಾರಿಸಲೂ ಇಲ್ಲ. ವಿಷಯವನ್ನು ಆಫ್ರಿಕನ್ ಒಕ್ಕೂಟದ ತಲೆಗೆ ಕಟ್ಟಿದ. ಒಕ್ಕೂಟ 2006ರ ಜುಲೈನಲ್ಲಿ, ಆಫ್ರಿಕದ ಪರವಾಗಿ ಸೆನೆಗಲ್ಲೇ ವಿಚಾರಿಸಲಿ ಎಂದು ಅದನ್ನು ಹಿಂದಿರುಗಿಸಿತು. ಕಾನೂನನ್ನೂ ಸಂವಿಧಾನವನ್ನೂ ತಿದ್ದಿದ ಮೇಲೆ ಸೆನೆಗಲ್ ಹೊಸ ಪಟ್ಟು ಹಿಡಿಯಿತು: ಪೂರ್ತಿ ಖರ್ಚು ಮೊದಲೇ ಕೈಗೆ ಬರಬೇಕು, ಅದೂ 2.74 ಕೋಟಿ ಯೂರೋ. ಎಳೆದಾಟ ವರ್ಷಗಟ್ಟಲೆ ನಡೆದು 2010ರ ನವೆಂಬರ್‌ನ ದಾನಿಗಳ ಸಭೆಯಲ್ಲಿ 86 ಲಕ್ಷ ಯೂರೋಗೆ ಇತ್ಯರ್ಥವಾಯಿತು. ಅದೇ ತಿಂಗಳು ಪಶ್ಚಿಮ ಆಫ್ರಿಕ ರಾಷ್ಟ್ರಗಳ ಸಮುದಾಯದ ನ್ಯಾಯಾಲಯ, ಹಬ್ರೆಯ ಅರ್ಜಿಯ ಮೇಲೆಯೇ, ವಿಚಾರಣೆ ನಡೆಯುವುದಾದರೆ ಅಂತರರಾಷ್ಟ್ರೀಯ ಸ್ವರೂಪದ ವಿಶೇಷ ಪೀಠದಲ್ಲಿ ನಡೆಯಬೇಕೆಂದಿತು. ತಪ್ಪಿಸಿಕೊಳ್ಳಲು ಹಾಕಿದ ಅರ್ಜಿ ಕೊನೆಗೆ ಪೀಠದ ಸ್ವರೂಪವನ್ನೇ ಗೊತ್ತುಮಾಡಿತು. 2011ರ ಜುಲೈನಲ್ಲಿ ವಾದ್ ಇದ್ದಕ್ಕಿದ್ದಂತೆ ಹಬ್ರೆಯನ್ನು ಚಾಡ್‌ಗೇ ಕಳಿಸುವುದಾಗಿ ಹೇಳಿ, ವಿಶ್ವಸಂಸ್ಥೆಯ ಮಾನವ ಹಕ್ಕು ಹೈಕಮಿಷನರ್ ನವಿ ಪಿಳ್ಳೈ ಆಕ್ಷೇಪಿಸಿದ ಮೇಲೆ ಹಿಂದೆ ಸರಿದ.

ಗಂಟು ಬಿಡಿಸಿದ್ದು 2012. ಬೆಲ್ಜಿಯಂ 2009ರಲ್ಲೇ ಸೆನೆಗಲ್ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. ಆ ನ್ಯಾಯಾಲಯ 2012ರ ಜುಲೈ 20ರಂದು, ಇನ್ನು ತಡಮಾಡದೆ ವಿಚಾರಿಸಿ ಇಲ್ಲವೇ ಒಪ್ಪಿಸಿ ಎಂದು ಆದೇಶಿಸಿತು. ಆದೇಶವೊಂದರಿಂದಲೇ ಕೆಲಸವಾಯಿತೆಂದು ಹೇಳುವುದು ಸರಿಯಲ್ಲ. ಅದೇ ವರ್ಷ ಸೆನೆಗಲ್‌ನ ಮತದಾರರು ವಾದ್‌ನನ್ನು ಸೋಲಿಸಿ ಮ್ಯಾಕಿ ಸಾಲ್‌ನನ್ನು ಆರಿಸಿದ್ದರು. ಆಗಸ್ಟ್‌ನಲ್ಲಿ ಒಕ್ಕೂಟದ ಜೊತೆ ಒಪ್ಪಂದವಾಯಿತು, 2013ರ ಫೆಬ್ರವರಿಯಲ್ಲಿ ‘ಆಫ್ರಿಕನ್ ವಿಶೇಷ ಪೀಠ’ಗಳು ಕಾರ್ಯಾರಂಭ ಮಾಡಿದವು, ಜೂನ್ 30ರಂದು ಹಬ್ರೆ ಬಂಧನವಾಯಿತು. ಹನ್ನೆರಡು ವರ್ಷ ಕದಲದ ಪ್ರಕರಣ ಒಂದು ಚುನಾವಣೆಯ ನಂತರ ತಿಂಗಳುಗಳಲ್ಲಿ ಕದಲಿತು.

ಪೀಠದ ರಚನೆ ಅಗ್ಗವೂ ಜಾಣತನದ್ದೂ ಆಗಿತ್ತು. ನ್ಯಾಯಾಧೀಶರು ಸೆನೆಗಲ್‌ನವರು; ವಿಚಾರಣೆ ಮತ್ತು ಮೇಲ್ಮನವಿ ಪೀಠಗಳ ಅಧ್ಯಕ್ಷರು ಮಾತ್ರ ಆಫ್ರಿಕದ ಬೇರೆ ದೇಶದವರು. ವಿಚಾರಣಾ ಪೀಠಕ್ಕೆ ಬುರ್ಕಿನಾ ಫಾಸೋದ ಗ್ಬೆರ್ದಾವೊ ಗುಸ್ತಾವ್ ಕಾಮ್ ಅಧ್ಯಕ್ಷರಾದರು. ಹಣ ಬಂದದ್ದು ಚಾಡ್, ಆಫ್ರಿಕನ್ ಒಕ್ಕೂಟ, ಐರೋಪ್ಯ ಒಕ್ಕೂಟ, ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಮೊದಲಾದ ಕಡೆಗಳಿಂದ; ಹಬ್ರೆಯನ್ನು ಸಾಕಿದ ಫ್ರಾನ್ಸ್ ಮತ್ತು ಅಮೆರಿಕಗಳಿಂದಲೂ. ಯುಗೊಸ್ಲಾವಿಯ ಮತ್ತು ರುವಾಂಡ ಕುರಿತ ವಿಶ್ವಸಂಸ್ಥೆಯ ನ್ಯಾಯಮಂಡಳಿಗಳಿಗೆ ತಗಲಿದ ಕಾಲ ಮತ್ತು ಹಣದ ಪಕ್ಕದಲ್ಲಿ ಇದು ಏನೂ ಅಲ್ಲ.

2015ರ ಜುಲೈ 20ರಂದು ವಿಚಾರಣೆ ತೊಡಗಿದಾಗ ಹಬ್ರೆ ಕೂಗಾಡಿದ, ಕಾವಲುಗಾರರು ಅವನನ್ನು ಎತ್ತಿಕೊಂಡು ಹೋಗಬೇಕಾಯಿತು. ಅವನ ವಕೀಲರು ಬಹಿಷ್ಕರಿಸಿದ್ದರಿಂದ ಪೀಠವೇ ವಕೀಲರನ್ನು ನೇಮಿಸಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಕುಳಿತಿತು. ಬಿಳಿ ಪೇಟ, ಕಪ್ಪು ಕನ್ನಡಕ ಧರಿಸಿದ ಹಬ್ರೆ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಸಾಕ್ಷಿ ನುಡಿದವರು 93 ಮಂದಿ. ಮರುಭೂಮಿಯ ಸೇನಾ ಶಿಬಿರಗಳಿಗೆ ಒಯ್ದು ತಮ್ಮನ್ನು ಲೈಂಗಿಕ ಗುಲಾಮರಂತೆ ಇಟ್ಟುಕೊಂಡಿದ್ದನ್ನು ಹೆಂಗಸರು ಮೊದಲ ಬಾರಿಗೆ ಬಹಿರಂಗವಾಗಿ ಹೇಳಿದರು. ಮೂಲ ದೋಷಾರೋಪದಲ್ಲಿ ಇಲ್ಲದಿದ್ದ ಈ ಅಪರಾಧಗಳು ತೀರ್ಪಿನಲ್ಲಿ ಸೇರಿದವು. ಹಬ್ರೆ ತಾನೇ ಅತ್ಯಾಚಾರ ಮಾಡಿದನೆಂಬ ಒಂದು ನಿರ್ಣಯವನ್ನು, ಅದು ದೋಷಾರೋಪದಲ್ಲಿರಲಿಲ್ಲವೆಂಬ ಕಾರಣಕ್ಕೆ, 2017ರ ಏಪ್ರಿಲ್‌ನಲ್ಲಿ ಮೇಲ್ಮನವಿ ಪೀಠ ಕೈಬಿಟ್ಟಿತು. ಆ ಮಹಿಳೆಯ ಮಾತನ್ನು ಅದು ಸುಳ್ಳೆನ್ನಲಿಲ್ಲ. ಜೀವಾವಧಿ ಶಿಕ್ಷೆ ಉಳಿಯಿತು. 7,396 ಸಂತ್ರಸ್ತರಿಗೆ ಒಟ್ಟು ಸುಮಾರು 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರವೂ ನಿಗದಿಯಾಯಿತು.

ಈ ಯಶಸ್ಸಿಗೆ ಎರಡು ಎಲ್ಲೆಗಳಿದ್ದವು. ಕಟಕಟೆ ಹತ್ತಿದ್ದು ಒಬ್ಬನೇ. ಡಿಡಿಎಸ್‌ನ ಮುಖ್ಯರನ್ನು ಡಾಕಾರ್‌ಗೆ ಕಳಿಸಲು ಚಾಡ್ ಒಪ್ಪದೆ ತನ್ನಲ್ಲೇ ಅವಸರದ ವಿಚಾರಣೆ ನಡೆಸಿತು. 2015ರ ಮಾರ್ಚ್‌ನಲ್ಲಿ ಎನ್‌ಜಮೇನಾದ ನ್ಯಾಯಾಲಯ ಇಪ್ಪತ್ತು ಮಂದಿಯನ್ನು ಶಿಕ್ಷಿಸಿ, 7,500 ಕೋಟಿ ಫ್ರಾಂಕ್ ಪರಿಹಾರದಲ್ಲಿ ಅರ್ಧ ಸರ್ಕಾರವೇ ಕೊಡಬೇಕೆಂದಿತು. ಜನರ ಮುಂದೆ ತಮ್ಮವರ ಹೆಸರು ಹಿಡಿದು ವಿಚಾರಣೆ ನಡೆದದ್ದು ಸಣ್ಣ ಸಂಗತಿಯಲ್ಲ, ಆದರೆ ಹಬ್ರೆಯ ಕಾಲದ ಸೇನೆಯಲ್ಲಿ ದೆಬಿಯ ಪಾತ್ರವೇನಿತ್ತು ಎಂಬ ಪ್ರಶ್ನೆ ಎರಡೂ ಕಡೆ ಹೊರಗೇ ಉಳಿಯಿತು. 1984ರ ದಕ್ಷಿಣದ ದಮನದ ವೇಳೆ ಸೇನೆಯ ಮುಖ್ಯಸ್ಥ ಅವನೇ. ವಾಷಿಂಗ್ಟನ್ ಮತ್ತು ಪ್ಯಾರಿಸ್‌ಗಳ ಹೊಣೆಯನ್ನೂ ಯಾವ ಪೀಠವೂ ಕೇಳಲಿಲ್ಲ. ತೀರ್ಪಿನ ದಿನ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ, ಚಾಡ್‌ನ ಹಿಂದಿನ ಘಟನೆಗಳ ಜೊತೆ ತಮ್ಮ ದೇಶಕ್ಕಿದ್ದ ನಂಟನ್ನು ಕುರಿತು ಯೋಚಿಸಲು ಇದು ಅವಕಾಶ ಎಂದದ್ದಷ್ಟೇ ಬಂತು.

ಎರಡನೆಯ ಎಲ್ಲೆ ಇನ್ನೂ ದೊಡ್ಡದು. ಅಪರಾಧದ ವಿಚಾರಣೆಯನ್ನು ದೇಶದ ಹೊರಗೆ ನಡೆಸಬಹುದು, ರಾಜಕೀಯ ಬದಲಾವಣೆಯನ್ನು ಹಾಗೆ ನಡೆಸಲಾಗದು. ಹಬ್ರೆಯನ್ನು ವಿಚಾರಿಸಲು ನೆರವಾದ ದೇಶಗಳೇ ಸಹೇಲ್ ಪ್ರದೇಶದ ಉಗ್ರರ ವಿರುದ್ಧದ ಯುದ್ಧದಲ್ಲಿ ದೆಬಿಯನ್ನು ನೆಚ್ಚಿಕೊಂಡಿದ್ದವು. 1980ರ ದಶಕದಲ್ಲಿ ಗದ್ದಾಫಿಯ ಹೆಸರು ಮಾಡಿದ ಕೆಲಸವನ್ನು ಈಗ ಭಯೋತ್ಪಾದನೆಯ ಹೆಸರು ಮಾಡಿತು. ಮೂವತ್ತು ವರ್ಷ ಆಳಿ 2021ರ ಏಪ್ರಿಲ್‌ನಲ್ಲಿ ದೆಬಿ ಸತ್ತಾಗ, ಸಂವಿಧಾನವನ್ನು ಬದಿಗೊತ್ತಿ ಮಗ ಮಹಮತ್ ದೆಬಿ ಸೇನಾ ಮಂಡಳಿಯ ಹೆಸರಿನಲ್ಲಿ ಅಧಿಕಾರ ಹಿಡಿದ. ಅಂತ್ಯಸಂಸ್ಕಾರದಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಮ್ಯಾಕ್ರನ್ ಅವನ ಪಕ್ಕದಲ್ಲಿ ಕುಳಿತಿದ್ದರು. ಹದಿನೆಂಟು ತಿಂಗಳಲ್ಲಿ ಮುಗಿಯಬೇಕಿದ್ದ ಮಧ್ಯಂತರ ಆಡಳಿತವನ್ನು ಎರಡು ವರ್ಷ ಮುಂದೂಡಿದ್ದನ್ನು ವಿರೋಧಿಸಿ 2022ರ ಅಕ್ಟೋಬರ್ 20ರಂದು ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು. ಸರ್ಕಾರದ ಮೊದಲ ಲೆಕ್ಕದಲ್ಲೇ ಸತ್ತವರು ಐವತ್ತರಷ್ಟು. ಹಬ್ರೆ ಅಷ್ಟರಲ್ಲಿ, 2021ರ ಆಗಸ್ಟ್‌ನಲ್ಲಿ, ಕೊರೊನಾದಿಂದ ಡಾಕಾರ್‌ನಲ್ಲಿ ಸತ್ತಿದ್ದ. ಪರಿಹಾರದ ಹಣ ಹೊಂದಿಸಬೇಕಿದ್ದ ಆಫ್ರಿಕನ್ ಒಕ್ಕೂಟದ ನಿಧಿ ವರ್ಷಗಳವರೆಗೆ ಹೆಸರಿಗಷ್ಟೇ ಇತ್ತು. ಕೊನೆಗೆ 2024ರ ಫೆಬ್ರವರಿಯಲ್ಲಿ ಚಾಡ್ ಸರ್ಕಾರ ನ್ಯಾಯಾಲಯಗಳು ಹೇಳಿದ್ದರ ಒಂದು ಸಣ್ಣ ಪಾಲನ್ನು ಹಂಚತೊಡಗಿತು. ಆ ಹೊತ್ತಿಗೆ ದೂರುದಾರರಲ್ಲಿ ಅನೇಕರು ತೀರಿಕೊಂಡಿದ್ದರು.

ಗ್ಯಾಂಬಿಯಾದಲ್ಲಿ ಈ ಕ್ರಮ ತಿರುವುಮುರುವಾಯಿತು: ರಾಜಕೀಯ ಬದಲಾವಣೆ ಮೊದಲು ಬಂತು, ನ್ಯಾಯ ಹಿಂದೆ ಉಳಿಯಿತು. 1994ರಿಂದ ಆಳುತ್ತಿದ್ದ ಯಾಹ್ಯಾ ಜಾಮೆ 2016ರ ಡಿಸೆಂಬರ್ ಚುನಾವಣೆಯಲ್ಲಿ ಸೋತ, ಸೋಲನ್ನು ಒಪ್ಪಿ ಆಮೇಲೆ ಮಾತು ತಿರುಗಿಸಿದ. ಗೆದ್ದ ಅಡಾಮಾ ಬ್ಯಾರೋ 2017ರ ಜನವರಿ 19ರಂದು ಡಾಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದರು; ಪಶ್ಚಿಮ ಆಫ್ರಿಕ ಸಮುದಾಯದ ಸೇನೆ ಗಡಿ ದಾಟಿತು; ಎರಡು ದಿನಗಳಲ್ಲಿ ಜಾಮೆ ದೇಶ ಬಿಟ್ಟು ಈಕ್ವಟೋರಿಯಲ್ ಗಿನಿ ಸೇರಿದ. ಮತದಾರರೇ ತೀರ್ಮಾನ ಕೊಟ್ಟಿದ್ದರಿಂದ ಹೊರಗಿನ ಸೇನೆಗೆ ಅದನ್ನು ಜಾರಿಮಾಡುವ ಕೆಲಸವಷ್ಟೇ ಉಳಿದಿತ್ತು. ವಿಶ್ವಸಂಸ್ಥೆಯ ಶಾಂತಿ ನಿಧಿಯ ನೆರವಿನಿಂದ ನಡೆದ ಸತ್ಯಶೋಧನಾ ಆಯೋಗದ ಕಲಾಪಗಳನ್ನು ದೇಶ ಟಿವಿಯಲ್ಲಿ ನೇರವಾಗಿ ನೋಡಿತು. ಹಬ್ರೆ ಪ್ರಕರಣದ ಅನುಭವ ಹೊತ್ತ ಬ್ರೋಡಿಯಂಥವರು ಜಾಮೆಯ ಸಂತ್ರಸ್ತರ ಜೊತೆ ಸೇರಿದರು. ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ನ್ಯಾಯಾಲಯಗಳು ಅಲ್ಲಿ ಸಿಕ್ಕಿಬಿದ್ದ ಜಾಮೆಯ ಕಡೆಯವರನ್ನು ಶಿಕ್ಷಿಸಿವೆ.

ಆದರೆ ಇಲ್ಲಿ ತಡವಾದದ್ದು ನ್ಯಾಯಾಲಯ. ಬ್ಯಾರೋ 2021ರ ಚುನಾವಣೆಗೆ ಜಾಮೆಯ ಹಳೆಯ ಪಕ್ಷದೊಂದಿಗೇ ಕೈಜೋಡಿಸಿದರು. ಅದೇ ವರ್ಷ ಆಯೋಗ ಕೊಟ್ಟ ವರದಿಯ ಶಿಫಾರಸುಗಳು ನಿಧಾನಗತಿಗೆ ಬಿದ್ದವು. ಗ್ಯಾಂಬಿಯಾಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸಲು ಪಶ್ಚಿಮ ಆಫ್ರಿಕ ಸಮುದಾಯದ ಶೃಂಗಸಭೆ ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ದೊರೆ ಓಡಿಹೋಗಿ ಎಂಟು ವರ್ಷಕ್ಕೆ ಬಂದ ಈ ಒಪ್ಪಿಗೆ, ಚಾಡ್‌ನವರು ಕಾದ ಇಪ್ಪತ್ತೆರಡು ವರ್ಷಕ್ಕಿಂತ ಬೇಗನೆಯದೇ. ಆದರೂ ಮುಂದಿನ ದಾರಿಯಲ್ಲಿ ಸೆನೆಗಲ್‌ಗೆ ಎದುರಾದ ಕೆಲಸಗಳೇ ಇವೆ: ಖರ್ಚು ಯಾರು ಕೊಡುತ್ತಾರೆಂಬುದನ್ನು ತೀರ್ಮಾನಿಸುವುದು, ನ್ಯಾಯಾಧೀಶರನ್ನು ಹೊರಗಿನಿಂದಲೂ ಒಳಗಿನಿಂದಲೂ ಆರಿಸುವುದು. ಸೆನೆಗಲ್‌ಗೆ ಇಲ್ಲದಿದ್ದ ಒಂದು ಕೆಲಸವೂ ಇದೆ. ಹಬ್ರೆ ಡಾಕಾರ್‌ನಲ್ಲೇ ಇದ್ದ. ಜಾಮೆ ಇರುವುದು 1979ರಿಂದ ಒಬ್ಬನೇ ಅಧ್ಯಕ್ಷ ಆಳುತ್ತಿರುವ ದೇಶದಲ್ಲಿ.